ವಿಮೆ ಮತ್ತು ಹಣಕಾಸು ಸೇವೆಗಳ ಪದವಿ ವ್ಯಾಸಂಗ: ವರ್ತಕ ಸಮುದಾಯ ಅರಿಯಬೇಕಾದ ಸಂಗತಿಗಳು

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮೇಲೆ ವರ್ತಕರ ಮನೆಗಳಲ್ಲಿ ನಡೆಯುವ ಸಮಾಲೋಚನೆ ಬಹುಮಟ್ಟಿಗೆ ಒಂದೇ ತೆರನಾದುದು. ವಿಜ್ಞಾನ ಓದಿದವರು ಇಂಜಿನಿಯರಿಂಗ್‌ಗೆ, ವಾಣಿಜ್ಯ ಓದಿದವರು ಬಿ.ಕಾಂ.ಗೆ, ಅದರ ಜೊತೆಗೆ ಸಾಧ್ಯವಾದರೆ ಸಿ.ಎ. ಪರೀಕ್ಷೆಗೆ ಎಂಬ ಸೂತ್ರ ಹಲವು ದಶಕಗಳಿಂದ ನಡೆದುಬಂದಿದೆ. ಬಿ.ಕಾಂ. ಪದವಿಯಲ್ಲಿಯೇ ವಿಮೆ ಹಾಗೂ ಹಣಕಾಸು ಸೇವೆಗಳನ್ನು ವಿಶೇಷ ವಿಷಯವಾಗಿ ವ್ಯಾಸಂಗ ಮಾಡಬಹುದೆಂದು ಕಾಲೇಜಿನವರು ತಿಳಿಸಿದಾಗ ತಂದೆಯಿಂದ ಬರುವ ಮೊದಲ ಪ್ರಶ್ನೆ, ‘ಏಜೆಂಟನಾಗುವುದಕ್ಕೆ ಮೂರು ವರ್ಷ ಓದಬೇಕೇ?’ ಎಂಬುದು.

ಈ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ವಿಮಾ ಏಜೆಂಟರಾಗಲು ಪದವಿಯ ಅಗತ್ಯವಿಲ್ಲ. ಹತ್ತನೆಯ ತರಗತಿ ತೇರ್ಗಡೆಯಾದವರು ಅಲ್ಪಾವಧಿಯ ತರಬೇತಿ ಪಡೆದು ಐಸಿ-38 ಎಂಬ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಸಾಕು. ಉಳಿದರ್ಧ ಸತ್ಯ ಬೇರೆಡೆ ಇದೆ. ಹಾಗೆ ಪ್ರಶ್ನಿಸುವ ತಂದೆಯ ಗೋದಾಮಿನ ವಿಮಾ ಪಾಲಿಸಿ ಬಹುಶಃ ಸಾಲ ನೀಡಿದ ಬ್ಯಾಂಕಿನ ಕಡತದಲ್ಲಿದೆ. ಅದರ ಕಂತು ಪ್ರತಿ ವರ್ಷ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತಿದೆ. ಅದರಲ್ಲಿ ಏನು ಬರೆದಿದೆ ಎಂಬುದನ್ನು ಮನೆಯಲ್ಲಿ ಯಾರೂ ಓದಿಲ್ಲ. ಆ ಕಾಗದವನ್ನು ಓದಬಲ್ಲ ಒಬ್ಬ ಮಗನೋ ಮಗಳೋ ಮನೆಯಲ್ಲಿದ್ದರೆ ಉದ್ಯಮಕ್ಕೆ ಆಗುವ ವ್ಯತ್ಯಾಸವೇನು ಎಂಬುದನ್ನು ಲೆಕ್ಕ ಹಾಕಿ ನೋಡುವುದು ವರ್ತಕರಿಗೆ ಕಷ್ಟವಾಗಲಾರದು.

ಹಿನ್ನೆಲೆ

ಕನ್ನಡ ನಾಡಿಗೆ ವಿಮೆಯಾಗಲಿ ಬ್ಯಾಂಕಿಂಗ್ ಆಗಲಿ ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ವಿಮಾ ಯೋಜನೆಯನ್ನು 1891ರಲ್ಲಿಯೇ ಆರಂಭಿಸಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಕರಾವಳಿಯಲ್ಲಿ 1906ರಲ್ಲಿ ಮಂಗಳೂರಿನ ಕೆನರಾ ಬ್ಯಾಂಕು ಮತ್ತು ಉಡುಪಿಯ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ತಲೆಯೆತ್ತಿದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿಯು ದಿನಗೂಲಿಯವರ ಎರಡಾಣೆಯನ್ನೂ ಬ್ಯಾಂಕಿಗೆ ತಂದಿತು. ಇವುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಆ ಬ್ಯಾಂಕುಗಳನ್ನು ಕಟ್ಟಿದ ತಲೆಮಾರಿನವರು ಈ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿತವರಲ್ಲ, ವ್ಯವಹಾರದಲ್ಲಿಯೇ ಕಲಿತರು. ಇಂದಿನ ಪಾಲಿಸಿಗಳ ಷರತ್ತುಗಳನ್ನು ಹಾಗೆ ಕಲಿಯಹೊರಟರೆ ಪಾಠದ ಶುಲ್ಕ ತುಸು ಹೆಚ್ಚೇ ಆದೀತು.

1956ರಲ್ಲಿ 245 ಜೀವ ವಿಮಾ ಸಂಸ್ಥೆಗಳನ್ನೂ ಪ್ರಾವಿಡೆಂಟ್ ಸಂಘಗಳನ್ನೂ ಒಗ್ಗೂಡಿಸಿ ಭಾರತೀಯ ಜೀವ ವಿಮಾ ನಿಗಮವನ್ನು ಸ್ಥಾಪಿಸಲಾಯಿತು. 1973ರ ಜನವರಿ 1ರಿಂದ 107 ಸಾಮಾನ್ಯ ವಿಮಾ ಕಂಪನಿಗಳು ರಾಷ್ಟ್ರೀಕರಣಗೊಂಡು ನಾಲ್ಕು ಸರ್ಕಾರಿ ಕಂಪನಿಗಳಾದವು. ಆ ಕಾಲದಲ್ಲಿ ವಿಮೆ ಎಂದರೆ ಸರ್ಕಾರಿ ನೌಕರಿಯ ಒಂದು ಬಗೆ. ಅದಕ್ಕಾಗಿ ಬೇರೆ ಪದವಿ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಗುಮಾಸ್ತ ದರ್ಜೆಯಿಂದ ಅಧಿಕಾರಿಯವರೆಗೆ ನೌಕರರು ಮುಂಬಯಿಯ ಭಾರತೀಯ ವಿಮಾ ಸಂಸ್ಥೆಯ ಪರೀಕ್ಷೆಗಳನ್ನು ಕೆಲಸದಲ್ಲಿದ್ದುಕೊಂಡೇ ಬರೆಯುತ್ತಿದ್ದರು. 1999ರ ಕಾಯ್ದೆಯಂತೆ ವಿಮಾ ನಿಯಂತ್ರಣ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು, 2000ದಲ್ಲಿ ಖಾಸಗಿ ಕಂಪನಿಗಳಿಗೆ ಪರವಾನಗಿ ದೊರೆತ ನಂತರ ಚಿತ್ರ ಬದಲಾಯಿತು. ವಿದೇಶಿ ಬಂಡವಾಳದ ಮಿತಿ ಆಗ ಶೇ. 26 ಇದ್ದುದು 2015ರಲ್ಲಿ ಶೇ. 49ಕ್ಕೆ, 2021ರಲ್ಲಿ ಶೇ. 74ಕ್ಕೆ ಏರಿತು, ಅದನ್ನು ಶೇ. 100ಕ್ಕೆ ಏರಿಸುವ ಮಸೂದೆಗೆ ಸಂಸತ್ತು 2025ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತು. ಕಂಪನಿಗಳು ಹೆಚ್ಚಿದಂತೆ ಕಾಲೇಜುಗಳಲ್ಲಿ ವಿಮಾ ವಿಷಯಕ್ಕೆ ಸ್ಥಾನ ದೊರೆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 1994-95ರಲ್ಲಿಯೇ ಪದವಿ ಮಟ್ಟದಲ್ಲಿ ವೃತ್ತಿಪರ ವಿಷಯಗಳ ಯೋಜನೆಯನ್ನು ತಂದು, ಅದರಲ್ಲಿ ವಿಮೆಯ ತತ್ತ್ವ ಹಾಗೂ ಆಚರಣೆಯನ್ನು ಒಂದು ವಿಷಯವಾಗಿ ಸೇರಿಸಿತ್ತು ಎಂಬುದು ಇಲ್ಲಿ ಗಮನಾರ್ಹ.

ತರಗತಿಯಲ್ಲಿ ಏನನ್ನು ಕಲಿಸಲಾಗುತ್ತದೆ?

ಪಠ್ಯಕ್ರಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಭಿನ್ನವಾದರೂ ಒಳತಿರುಳು ಒಂದೇ. ಪರಮ ಸದ್ಭಾವನೆ, ವಿಮಾ ಹಿತಾಸಕ್ತಿ, ನಷ್ಟ ಪರಿಹಾರ, ನಷ್ಟದ ಸಮೀಪ ಕಾರಣ, ನಷ್ಟಕ್ಕೆ ಕಾರಣರಾದವರ ಮೇಲಿನ ಹಕ್ಕು ವಿಮಾ ಕಂಪನಿಗೆ ವರ್ಗವಾಗುವ ಬಗೆ ಮುಂತಾದ ಮೂಲತತ್ತ್ವಗಳು ಮೊದಲು. ಅನಂತರ ಜೀವ, ಅಗ್ನಿ, ಸಾಗಣೆ, ವಾಹನ, ಆರೋಗ್ಯ ವಿಮೆಗಳು. ಹಣಕಾಸು ಸೇವೆಗಳ ಪತ್ರಿಕೆಗಳಲ್ಲಿ ಗುತ್ತಿಗೆ ಖರೀದಿ, ಲೀಸಿಂಗ್, ಫ್ಯಾಕ್ಟರಿಂಗ್, ಮ್ಯೂಚುವಲ್ ಫಂಡ್, ಸಾಲಾರ್ಹತೆಯ ಶ್ರೇಯಾಂಕ, ಸಾಲ ಖಾತರಿ ಯೋಜನೆಗಳು ಬರುತ್ತವೆ. ಪುಸ್ತಕದಲ್ಲಿ ಇವು ಶುಷ್ಕ ಪರಿಭಾಷೆಗಳಂತೆ ಕಾಣುತ್ತವೆ. ಅಂಗಡಿಗೆ ತಂದು ನೋಡಿದಾಗ ಒಂದೊಂದೂ ರೂಪಾಯಿಯ ಮಾತಾಗುತ್ತದೆ.

ಸಾಮಾನ್ಯ ಬಿ.ಕಾಂ. ವಿದ್ಯಾರ್ಥಿಯೂ ಲೆಕ್ಕಶಾಸ್ತ್ರದಲ್ಲಿ ಬಿಡಿಸುವ ಅಗ್ನಿ ವಿಮಾ ಕ್ಲೇಮಿನ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಒಬ್ಬ ವರ್ತಕರ ಗೋದಾಮಿನಲ್ಲಿ ಬೆಂಕಿ ಬಿದ್ದ ದಿನ 40 ಲಕ್ಷ ರೂಪಾಯಿಗಳ ಸರಕು ಇದೆ. ಪಾಲಿಸಿಯ ಮೊತ್ತ 25 ಲಕ್ಷ. ಸುಟ್ಟುಹೋದ ಸರಕಿನ ಬೆಲೆ 16 ಲಕ್ಷ. ನಷ್ಟವು ಪಾಲಿಸಿಯ ಮೊತ್ತದೊಳಗೇ ಇರುವುದರಿಂದ 16 ಲಕ್ಷವೂ ಕೈಸೇರುತ್ತದೆ ಎಂದು ವರ್ತಕರು ಭಾವಿಸುತ್ತಾರೆ. ವಿಮಾ ಕಂಪನಿಯ ಲೆಕ್ಕ ಬೇರೆ. 40 ಲಕ್ಷದ ಸರಕಿಗೆ 25 ಲಕ್ಷದ ವಿಮೆ ಮಾತ್ರ ಇದ್ದುದರಿಂದ ಉಳಿದ 15 ಲಕ್ಷದ ಮಟ್ಟಿಗೆ ವರ್ತಕರೇ ತಮಗೆ ತಾವು ವಿಮಾದಾರರು. ಆದ್ದರಿಂದ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. 16 ಲಕ್ಷವನ್ನು 25ರಿಂದ ಗುಣಿಸಿ 40ರಿಂದ ಭಾಗಿಸಿದರೆ ಬರುವುದು 10 ಲಕ್ಷ. ಇದೇ ‘ಆವರೇಜ್ ಕ್ಲಾಸ್’. ಪರೀಕ್ಷೆಯಲ್ಲಿ ಇದಕ್ಕೆ ದೊರೆಯುವುದು ಕೆಲವು ಅಂಕಗಳು. ಗೋದಾಮಿನಲ್ಲಿ ಇದರ ಬೆಲೆ 6 ಲಕ್ಷ.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕರೂಪದ ಪಾಲಿಸಿಗಳು ಈ ಕಾಠಿಣ್ಯವನ್ನು ಸ್ವಲ್ಪ ತಗ್ಗಿಸಿವೆ. ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂ.ವರೆಗಿನ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, 5ರಿಂದ 50 ಕೋಟಿಯವರೆಗಿನವುಗಳಿಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’ ಅನ್ವಯಿಸುತ್ತವೆ. ಇವೆರಡರಲ್ಲಿಯೂ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಿನ ಉದಾಹರಣೆಯಲ್ಲಿಯೇ ವರ್ತಕರು 35 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ ಕೊರತೆ ಶೇ. 12.5 ಮಾತ್ರವಾಗುತ್ತಿತ್ತು, ಆವರೇಜ್ ಕಡಿತ ತಾಗುತ್ತಲೇ ಇರಲಿಲ್ಲ. 25 ಮತ್ತು 35 ಲಕ್ಷಗಳ ನಡುವಿನ ಕಂತಿನ ವ್ಯತ್ಯಾಸವನ್ನು ಉಳಿಸಲು ಹೋಗಿ 6 ಲಕ್ಷ ಕಳೆದುಕೊಳ್ಳುವವರು ವ್ಯವಹಾರ ಜ್ಞಾನವಿಲ್ಲದವರಲ್ಲ. ಅವರಿಗೆ ಈ ಒಂದು ವಾಕ್ಯವನ್ನು ಯಾರೂ ಓದಿ ಹೇಳಿಲ್ಲ, ಅಷ್ಟೆ.

ಸರಕಿನ ಪ್ರಮಾಣ ವರ್ಷವಿಡೀ ಒಂದೇ ಆಗಿರದ ವ್ಯಾಪಾರಗಳಲ್ಲಿ ತೊಡಕು ಇನ್ನೂ ಹೆಚ್ಚು. ಬ್ಯಾಡಗಿಯ ಮೆಣಸಿನಕಾಯಿ, ಮಲೆನಾಡಿನ ಅಡಿಕೆ, ಮಂಡ್ಯದ ಬೆಲ್ಲ ಇವೆಲ್ಲ ಸುಗ್ಗಿಯ ತಿಂಗಳುಗಳಲ್ಲಿ ಗೋದಾಮಿನ ಸೂರು ಮುಟ್ಟುತ್ತವೆ, ಅನಂತರ ಇಳಿಯುತ್ತವೆ. ವರ್ಷದ ಸರಾಸರಿಗೆ ವಿಮೆ ಮಾಡಿಸಿದರೆ ಸುಗ್ಗಿಯಲ್ಲಿ ಕೊರತೆ. ಗರಿಷ್ಠಕ್ಕೆ ಮಾಡಿಸಿದರೆ ಖಾಲಿ ಗೋದಾಮಿಗೂ ಕಂತು. ಇದಕ್ಕೆಂದೇ ‘ಡಿಕ್ಲರೇಶನ್ ಪಾಲಿಸಿ’ ಎಂಬ ವ್ಯವಸ್ಥೆ ಇದೆ. ಸರಕಿನ ಮೌಲ್ಯವನ್ನು ತಿಂಗಳು ತಿಂಗಳೂ ಘೋಷಿಸುತ್ತ ಹೋದರೆ ವರ್ಷಾಂತ್ಯದಲ್ಲಿ ಕಂತನ್ನು ಸರಿಹೊಂದಿಸಲಾಗುತ್ತದೆ. ಸರಕು ಹಲವು ಗೋದಾಮುಗಳಲ್ಲಿ ಹಂಚಿಹೋಗಿದ್ದರೆ ‘ಫ್ಲೋಟರ್ ಪಾಲಿಸಿ’ ಇದೆ. ಆದರೆ ಘೋಷಣೆಯನ್ನು ತಪ್ಪದೆ ಕಳುಹಿಸಬೇಕು, ಸ್ಟಾಕ್ ರಿಜಿಸ್ಟರ್ ಅದಕ್ಕೆ ತಾಳೆಯಾಗಬೇಕು. ಗುಮಾಸ್ತರು ಮರೆಯುವುದು ಇಲ್ಲಿಯೇ. ಶೀತಲಗೃಹದಲ್ಲಿ ಸರಕಿಟ್ಟವರು ಇನ್ನೊಂದನ್ನು ತಿಳಿದಿರಬೇಕು. ತಾಪಮಾನದ ಏರುಪೇರಿನಿಂದ ಸರಕು ಕೆಟ್ಟರೆ ಸಾಮಾನ್ಯ ಅಗ್ನಿ ಪಾಲಿಸಿಯಲ್ಲಿ ಪರಿಹಾರವಿಲ್ಲ, ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು. ಬೀಗ ಒಡೆದು ಮಾಡುವ ಕಳವಿಗೂ ಹಾಗೆಯೇ.

ಬ್ಯಾಂಕಿನ ಪಾಲಿಸಿ, ಲಾರಿಯ ರಸೀತಿ

ಸಾಲ ಪಡೆದ ಉದ್ಯಮಿಗಳಲ್ಲಿ ‘ವಿಮೆಯನ್ನು ಬ್ಯಾಂಕಿನವರೇ ನೋಡಿಕೊಳ್ಳುತ್ತಾರೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಬ್ಯಾಂಕು ನೋಡಿಕೊಳ್ಳುವುದು ತನ್ನ ಸಾಲಕ್ಕೆ ಆಧಾರವಾದ ಆಸ್ತಿಯನ್ನು. ಸಾಲದ ಮಿತಿಗೆ ತಕ್ಕಷ್ಟು ಮೊತ್ತಕ್ಕೆ ಮಾತ್ರ ವಿಮೆ ಮಾಡಿಸಿ, ಪೂರ್ಣ ಸರಕು ಹೊರಗುಳಿಯುವ ಸಂದರ್ಭಗಳು ಉಂಟು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿರುವುದರಿಂದ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಸಲ್ಲುತ್ತದೆ. ಗೋದಾಮು ಬದಲಾಯಿಸಿ, ಹೊಸ ವಿಳಾಸವನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ವಿಮೆ ಇರುವುದು ಹಳೆಯ ಖಾಲಿ ಕಟ್ಟಡದೊಳಗಿನ ಸರಕಿಗೆ. ವಿಮಾ ಹಿತಾಸಕ್ತಿ, ಸದ್ಭಾವನೆ ಎಂಬ ಎರಡು ಪಾಠಗಳನ್ನು ಅರ್ಥಮಾಡಿಕೊಂಡ ಪದವೀಧರರೊಬ್ಬರು ಆ ಪಾಲಿಸಿಯ ಪ್ರತಿಯನ್ನು ಬ್ಯಾಂಕಿನಿಂದ ತರಿಸಿ ಅರ್ಧ ಗಂಟೆ ಕುಳಿತರೆ ಇಷ್ಟೂ ಹೊರಬೀಳುತ್ತದೆ.

ಸಾಗಣೆ ವಿಮೆಯಲ್ಲಿನ ಎಡವಟ್ಟು ಮತ್ತೊಂದು ಬಗೆಯದು. ಲಾರಿಯಲ್ಲಿ ಕಳುಹಿಸಿದ ಸರಕು ದಾರಿಯಲ್ಲಿ ಹಾಳಾದರೆ ವರ್ತಕರು ವಿಮಾ ಕಂಪನಿಗೆ ಬರೆಯುತ್ತಾರೆ, ಸಾಗಣೆದಾರರಿಗೆ ಬರೆಯುವುದಿಲ್ಲ. ಬಹುದಿನದ ಪರಿಚಯ, ದಾಕ್ಷಿಣ್ಯ. ಆದರೆ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ನೀಡದಿದ್ದರೆ ಸಾಗಣೆದಾರರ ಮೇಲೆ ದಾವೆ ಹೂಡುವಂತಿಲ್ಲ. ಪರಿಹಾರ ನೀಡಿದ ನಂತರ ಆ ಹಣವನ್ನು ಸಾಗಣೆದಾರರಿಂದ ವಸೂಲು ಮಾಡುವ ಹಕ್ಕು ವಿಮಾ ಕಂಪನಿಯದು. ನೋಟಿಸ್ ಇಲ್ಲದೆ ಆ ಹಕ್ಕು ನಾಶವಾದರೆ ಕಂಪನಿ ವರ್ತಕರ ಕ್ಲೇಮಿಗೆ ಆಕ್ಷೇಪ ಎತ್ತುವುದು ಸಹಜ. ನಾಲ್ಕು ಸಾಲಿನ ಒಂದು ರಿಜಿಸ್ಟರ್ಡ್ ಪತ್ರ ಎಷ್ಟು ಬೆಲೆಯುಳ್ಳದ್ದೆಂಬುದು ಪದವಿಯ ಎರಡನೆಯ ವರ್ಷದ ಪಾಠ.

ಹಣಕಾಸು ಸೇವೆಗಳ ಭಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ದೊಡ್ಡ ಕಂಪನಿಗಳಿಗೆ ಮಾಲು ಪೂರೈಸಿ ತಿಂಗಳುಗಟ್ಟಲೆ ಹಣಕ್ಕಾಗಿ ಕಾಯುವುದು ಸಣ್ಣ ಕೈಗಾರಿಕೆಗಳ ಹಳೆಯ ರೋಗ. ರಿಸರ್ವ್ ಬ್ಯಾಂಕು 2014ರಲ್ಲಿ ಮಾರ್ಗಸೂಚಿ ಹೊರಡಿಸಿದ ‘ಟ್ರೆಡ್ಸ್’ ವೇದಿಕೆಗಳಲ್ಲಿ, ಖರೀದಿದಾರರು ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಹರಾಜಿನ ಮೂಲಕ ವಟಾಯಿಸಿ ಕೂಡಲೇ ಹಣ ನೀಡುತ್ತವೆ. ವಹಿವಾಟು 250 ಕೋಟಿ ರೂ. ಮೀರಿದ ಕಂಪನಿಗಳು ಈ ವೇದಿಕೆಗಳಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2024ರ ನವೆಂಬರಿನಲ್ಲಿ ಆದೇಶವಾಯಿತು. ಅದಕ್ಕೆ ಮುಂಚೆ ಮಿತಿ 500 ಕೋಟಿ ಇತ್ತು. ಫ್ಯಾಕ್ಟರಿಂಗ್ ಎಂಬ ಅಧ್ಯಾಯವನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ಆಸ್ತಿ ಅಡವಿಲ್ಲದೆ ಸಾಲ ದೊರೆಯಲು ನೆರವಾಗುವ ಸಾಲ ಖಾತರಿ ಟ್ರಸ್ಟ್ 2000ದಿಂದಲೂ ಇದೆ, ರಫ್ತುದಾರರ ಹಣ ಮುಳುಗದಂತೆ ಕಾಯುವ ಇಸಿಜಿಸಿ 1957ರಿಂದಲೂ ಇದೆ. ಇವುಗಳ ಅರ್ಜಿಗಳಾದರೋ ಬಹುತೇಕ ಸಣ್ಣ ಉದ್ಯಮಿಗಳ ಮೇಜಿನವರೆಗೆ ತಲುಪುವುದೇ ಇಲ್ಲ.

ಉದ್ಯೋಗದ ಮಾತು

ಎಲ್ಲರ ಮಕ್ಕಳೂ ಅಂಗಡಿಗೆ ಮರಳುವುದಿಲ್ಲ. ಹೊರಗೆ ಉದ್ಯೋಗ ಅರಸುವವರಿಗೆ ಈ ವ್ಯಾಸಂಗ ಏನು ನೀಡುತ್ತದೆ ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕಾಗಿದೆ. ಕಾಲೇಜುಗಳ ಪ್ರಚಾರ ಪತ್ರಿಕೆಗಳಲ್ಲಿ ಕಾಣುವ ‘ಕ್ಯಾಂಪಸ್ ನೇಮಕಾತಿ’ಗಳಲ್ಲಿ ಹಲವು ಮಾರಾಟದ ಹುದ್ದೆಗಳು. ಮಾಸಿಕ ಗುರಿ, ಗುರಿ ತಪ್ಪಿದರೆ ಒತ್ತಡ, ಮೊದಲು ನೆಂಟರಿಷ್ಟರಿಗೆ ಪಾಲಿಸಿ ಮಾರಿ ಮುಗಿಸಿ, ಆಮೇಲೆ ಕೆಲಸ ಬಿಡುವ ಹುಡುಗರು — ಇದು ಎಲ್ಲ ಊರುಗಳಲ್ಲಿಯೂ ಕಾಣುವ ದೃಶ್ಯ. ಮಾರಾಟದಲ್ಲಿ ಅಭಿರುಚಿಯುಳ್ಳವರಿಗೆ ಅದು ಒಳ್ಳೆಯ ವೃತ್ತಿಯೇ. ಅಭಿರುಚಿಯಿಲ್ಲದವರು ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಹುದ್ದೆಯ ನಿಜವಾದ ಕೆಲಸವೇನೆಂದು ಕೇಳಿ ತಿಳಿಯಬೇಕು.

ಮಾರಾಟದ ಹೊರಗಿನ ಕೆಲಸಗಳು ಎರಡು ಮೂರು. ಪ್ರಸ್ತಾವಗಳ ಅಪಾಯವನ್ನು ಅಳೆದು ಕಂತು ನಿರ್ಧರಿಸುವ ಅಂಡರ್‌ರೈಟಿಂಗ್, ಕ್ಲೇಮು ವಿಭಾಗ, ಬ್ರೋಕರ್ ಸಂಸ್ಥೆಗಳಲ್ಲಿ ಗ್ರಾಹಕರ ಪರವಾಗಿ ಪಾಲಿಸಿ ಹೊಂದಿಸುವ ಕೆಲಸ. ಇವುಗಳಲ್ಲಿ ಬೆಳೆಯಲು ಪದವಿಯೊಂದೇ ಸಾಲದು. ಭಾರತೀಯ ವಿಮಾ ಸಂಸ್ಥೆಯ ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋಷಿಪ್ ಎಂಬ ಮೂರು ಹಂತಗಳಿವೆ. ವಿಮೆಯ ತತ್ತ್ವಗಳನ್ನು ಕುರಿತ ಐಸಿ-01, ಜೀವ ವಿಮೆಯ ಐಸಿ-02, ಸಾಮಾನ್ಯ ವಿಮೆಯ ಐಸಿ-11 ಪತ್ರಿಕೆಗಳ ವಸ್ತು ಬಹುಪಾಲು ಪದವಿ ತರಗತಿಯಲ್ಲಿ ಕಲಿತದ್ದೇ ಆಗಿರುವುದರಿಂದ ಓದುತ್ತಿರುವಾಗಲೇ ಅವನ್ನು ಬರೆಯುವುದು ಜಾಣತನ. ಗಣಿತದಲ್ಲಿ ನಿಜವಾದ ಶಕ್ತಿಯುಳ್ಳವರಿಗೆ ವಿಮಾ ಗಣಿತಜ್ಞರ ಹಾದಿ ತೆರೆದಿದೆ. ಅದರ ಪರೀಕ್ಷೆಗಳು ದೀರ್ಘ, ತೇರ್ಗಡೆಯಾಗುವವರು ಕೆಲವರೇ.

ವರ್ತಕರ ಗಮನಕ್ಕೆ ಬಾರದ ಒಂದು ವೃತ್ತಿ ಸರ್ವೇಯರರದು. ನಿಗದಿತ ಮೊತ್ತ ಮೀರಿದ ಸಾಮಾನ್ಯ ವಿಮಾ ಕ್ಲೇಮುಗಳಲ್ಲಿ ಪರವಾನಗಿ ಪಡೆದ ಸರ್ವೇಯರರ ವರದಿ ಬೇಕೆಂಬುದು ವಿಮಾ ಕಾಯ್ದೆಯ 64 ಯುಎಂ ಕಲಮಿನ ನಿಯಮ. ಇಂಜಿನಿಯರಿಂಗ್, ಲೆಕ್ಕಪರಿಶೋಧನೆ ಅಥವಾ ವಿಮಾ ವಿಷಯದ ಮಾನ್ಯ ವಿದ್ಯಾರ್ಹತೆ, ಅದರ ಮೇಲೆ ಹನ್ನೆರಡು ತಿಂಗಳ ತರಬೇತಿ, ಪರೀಕ್ಷೆ — ಇಷ್ಟು ಮುಗಿದರೆ ಸ್ವತಂತ್ರ ವೃತ್ತಿ. ಸುಟ್ಟ ಗೋದಾಮಿನಲ್ಲಿ ಬೂದಿಯನ್ನೂ ಲೆಕ್ಕಪುಸ್ತಕವನ್ನೂ ಒಟ್ಟಿಗೆ ಓದಬೇಕಾದ ಕೆಲಸವಿದು. ವ್ಯಾಪಾರದ ಮನೆಯಲ್ಲಿ ಬೆಳೆದವರಿಗೆ ಸರಕಿನ ಗುಣ, ಮಾರುಕಟ್ಟೆಯ ದರ, ತೂಕದ ಸೋರಿಕೆ ಇವೆಲ್ಲ ಮೊದಲೇ ಗೊತ್ತಿರುತ್ತವೆ. ಆ ಅನುಕೂಲ ಬೇರೆಯವರಿಗಿಲ್ಲ.

ಕಾಲೇಜುಗಳ ಕೊರತೆ

ಇಷ್ಟೆಲ್ಲ ಉಪಯುಕ್ತವಾದ ವಿಷಯವನ್ನು ಕಲಿಸುವ ರೀತಿ ಮಾತ್ರ ತೃಪ್ತಿಕರವಾಗಿಲ್ಲ. ಮೂರು ವರ್ಷ ವಿಮೆ ಓದಿದ ವಿದ್ಯಾರ್ಥಿ ಒಂದು ನಿಜವಾದ ಅಗ್ನಿ ಪಾಲಿಸಿಯನ್ನಾಗಲಿ, ಭರ್ತಿಮಾಡಿದ ಕ್ಲೇಮು ನಮೂನೆಯನ್ನಾಗಲಿ, ಸರ್ವೇಯರರ ವರದಿಯನ್ನಾಗಲಿ ಕಣ್ಣಿನಿಂದ ನೋಡದೆಯೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುವುದು ಸಾಧ್ಯ. ಪರೀಕ್ಷೆಯ ಲೆಕ್ಕದಲ್ಲಿ ‘ಬೆಂಕಿ ಬಿದ್ದ ದಿನದ ಸರಕು’ ಎಷ್ಟೆಂಬುದನ್ನು ಕಂಡುಹಿಡಿಯಲು ಬೇಕಾದ ಅಂಕಿಗಳೆಲ್ಲ ಪ್ರಶ್ನೆಯಲ್ಲಿಯೇ ಇರುತ್ತವೆ. ವಾಸ್ತವದಲ್ಲಿ ಖರೀದಿಯ ಬಿಲ್ಲುಗಳು ಗೋದಾಮಿನೊಂದಿಗೇ ಸುಟ್ಟಿರುತ್ತವೆ. ಲೆಕ್ಕದ ಪ್ರತಿಯನ್ನು ಬೇರೆ ಸ್ಥಳದಲ್ಲಿ ಇಡಬೇಕೆಂಬ ಸರಳ ವಿವೇಕ ಯಾವ ಪಠ್ಯದಲ್ಲಿಯೂ ಅಂಕ ತರುವುದಿಲ್ಲ.

ಪಠ್ಯಕ್ರಮದ ಅಸ್ಥಿರತೆಯೂ ಸೇರಿಕೊಂಡಿದೆ. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಮಾದರಿ ಬಂದಿತು; 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಯಾವ ವರ್ಷ ಸೇರಿದವರು ಯಾವ ಪಠ್ಯ ಓದಿದರೆಂಬುದನ್ನು ನೇಮಕ ಮಾಡಿಕೊಳ್ಳುವವರು ಅಂಕಪಟ್ಟಿ ಹಿಡಿದು ಕೇಳಬೇಕಾಗಿದೆ.

ಆಶಾದಾಯಕವಾದ ಒಂದು ಬೆಳವಣಿಗೆ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿ. ಬ್ಯಾಂಕಿಂಗ್, ಹಣಕಾಸು ಸೇವೆ, ವಿಮೆ ಮೂರನ್ನೂ ಸೇರಿಸಿದ ಇಂತಹ ಬಿ.ಕಾಂ. ತರಗತಿಗಳನ್ನು 2024-25ರಿಂದ ರಾಜ್ಯದ ಆಯ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಆರಂಭಿಸಲಾಯಿತು. ವಿದ್ಯಾರ್ಥಿಗಳು ವ್ಯಾಸಂಗದ ಒಂದು ಭಾಗವನ್ನು ಉದ್ಯಮದಲ್ಲಿ, ಶಿಷ್ಯವೇತನ ಪಡೆಯುತ್ತ ಕಳೆಯುತ್ತಾರೆ. ಇಂತಹವರನ್ನು ತೆಗೆದುಕೊಳ್ಳುವುದು ಬ್ಯಾಂಕು ಮತ್ತು ವಿಮಾ ಕಂಪನಿಗಳ ಕೆಲಸವೆಂದು ವರ್ತಕರು ತಿಳಿಯುವುದು ಸರಿಯಲ್ಲ. ಅಪ್ರೆಂಟಿಸ್ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯ ನಂತರ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿಯ ಸಂಸ್ಥೆಗಳಿಗೆ ಐಚ್ಛಿಕ. ಸಾಧಾರಣ ಗಾತ್ರದ ಒಂದು ಎಣ್ಣೆ ಗಿರಣಿ, ಫೌಂಡ್ರಿ, ಸಗಟು ಮಳಿಗೆ ಈ ಎರಡನೆಯ ವರ್ಗಕ್ಕೆ ಸೇರುತ್ತವೆ.

ಅಂತಹ ಅಪ್ರೆಂಟಿಸ್‌ಗೆ ಕೊಡಬಹುದಾದ ಕೆಲಸಕ್ಕೇನೂ ಕೊರತೆಯಿಲ್ಲ. ಎಲ್ಲ ಪಾಲಿಸಿಗಳ ಪ್ರತಿಗಳನ್ನು ಬ್ಯಾಂಕು ಮತ್ತು ಏಜೆಂಟರಿಂದ ತರಿಸಿ ಒಂದೇ ಕಡತದಲ್ಲಿ ಜೋಡಿಸುವುದು. ವಿಳಾಸ, ಮೊತ್ತ, ಮುಕ್ತಾಯ ದಿನಾಂಕಗಳನ್ನು ಬರೆದಿಡುವುದು. ಕಟ್ಟಡ, ಯಂತ್ರ, ಸರಕುಗಳ ಇಂದಿನ ಮೌಲ್ಯದೊಡನೆ ತಾಳೆ ನೋಡುವುದು. ಹಿಂದಿನ ವರ್ಷಗಳಲ್ಲಿ ತಿರಸ್ಕೃತವಾದ ಅಥವಾ ಕಡಿತಗೊಂಡ ಕ್ಲೇಮುಗಳ ಪತ್ರವ್ಯವಹಾರವನ್ನು ಓದುವುದು. ಕೊನೆಯ ಕೆಲಸದಿಂದ ಕೆಲವೊಮ್ಮೆ ಹಣವೇ ಹೊರಬರಬಹುದು. ವಿಮಾ ಒಂಬುಡ್ಸ್‌ಮನ್ ಎಂದರೆ ಜೀವ ವಿಮೆ, ಆರೋಗ್ಯ ವಿಮೆಗಳ ದೂರಿಗೆ ಮಾತ್ರ ಎಂಬ ಭಾವನೆ ತಪ್ಪು. 2017ರ ನಿಯಮಗಳಂತೆ ಏಕವ್ಯಕ್ತಿ ಮಾಲೀಕತ್ವದ ವ್ಯಾಪಾರಗಳೂ ಸೂಕ್ಷ್ಮ ಉದ್ಯಮಗಳೂ ಅಲ್ಲಿಗೆ ಹೋಗಬಹುದು. ಮೊದಲು ಕಂಪನಿಗೆ ಲಿಖಿತ ದೂರು ನೀಡಿರಬೇಕು, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ಬರೆಯಬೇಕು. ಪರಿಹಾರದ ಮಿತಿಯನ್ನು 2023ರಲ್ಲಿ 30 ಲಕ್ಷದಿಂದ 50 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಚೇರಿ ಬೆಂಗಳೂರಿನಲ್ಲಿಯೇ ಇದೆ.